ಕೊನೆಯ ಸುತ್ತಿನ ರಾಜೇಶ್

ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ರೈಲ್ವೆಯ ಟಿಕೆಟ್ ತಪಾಸಕ, ತಮಿಳುನಾಡಿನ ರಾಜೇಶ್ ರಮೇಶ್. 2023ರ ಆಗಸ್ಟ್ 26ರಂದು ಬುಡಾಪೆಸ್ಟ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ, 4x400 ಮೀಟರ್ ರಿಲೇ ಹೀಟ್ಸ್‌ನ ಕೊನೆಯ ಸುತ್ತು ಓಡಿದವರು ಇವರೇ. ಮುಹಮ್ಮದ್ ಅನಸ್, ಅಮೋಜ್ ಜೇಕಬ್, ಮುಹಮ್ಮದ್ ಅಜ್ಮಲ್ ಕೈದಾಟಿ ಬ್ಯಾಟನ್ ಬಂತು. 2 ನಿಮಿಷ 59.05 ಸೆಕೆಂಡ್! ಜಪಾನಿನ ಏಷ್ಯಾ ದಾಖಲೆ ಮುರೀತು. ಅಮೆರಿಕದ ಬೆನ್ನಿಗೇ ಭಾರತ.

ಮರುದಿನ ಫೈನಲ್‌ನಲ್ಲಿ ಐದನೇ ಸ್ಥಾನ, ಪದಕವಿಲ್ಲ. ಆದರೆ ಅಕ್ಟೋಬರ್ 4ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ನಾಲ್ವರಿಗೆ ಚಿನ್ನ. ಪುರುಷರ ಈ ರಿಲೇಯಲ್ಲಿ 1962ರ ಜಕಾರ್ತಾದ ನಂತರ ಭಾರತಕ್ಕೆ ಸಿಕ್ಕ ಮೊದಲ ಚಿನ್ನವಿದು. 2024ರ ಪ್ಯಾರಿಸ್ ಒಲಿಂಪಿಕ್ಸ್ ಮಾತ್ರ ಹೀಟ್ಸ್‌ನಲ್ಲೇ ಮುಗಿದುಹೋಯಿತು.

ರಿಲೇಯಲ್ಲಿ ಒಬ್ಬರ ಕೈ ತಪ್ಪಿದ್ರೆ ನಾಲ್ವರೂ ಸೋತಂತೆ. ಅನಸ್, ಅಮೋಜ್, ಅಜ್ಮಲ್, ರಾಜೇಶ್: ಹೆಸರು ಬೇರೆ ಬೇರೆ, ದಾಖಲೆ ಒಂದೇ. ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು, ಅಲ್ವಾ?