ಸಿಖ್ ಸಮುದಾಯದ ಗ್ರಂಥಿಗಳು: ಹೊಣೆ ಮತ್ತು ಮಿತಿ

ದೇವಸ್ಥಾನಕ್ಕೆ ಅರ್ಚಕರು, ಚರ್ಚಿಗೆ ಪಾದ್ರಿಗಳು, ಮಸೀದಿಗೆ ಇಮಾಮರು ಇರುವಂತೆ ಗುರುದ್ವಾರಕ್ಕೆ ಯಾರು? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯಿಂದ ಬೆಂಗಳೂರಿಗೆ ಹೋಗಿ ಹಲಸೂರು ಕೆರೆಯ ಬಳಿಯ ಗುರುದ್ವಾರವನ್ನು ನೋಡಿ ಬಂದವರಲ್ಲಿ ಈ ಪ್ರಶ್ನೆ ಮೂಡುವುದು ಸಹಜ. ಅಲ್ಲಿ ಧಾರ್ಮಿಕ ಸೇವೆ ನಡೆಸುವವರನ್ನು ‘ಗ್ರಂಥಿ’ ಎಂದು ಕರೆಯುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 28 ಸಾವಿರಕ್ಕೂ ಹೆಚ್ಚು ಸಿಖ್ಖರಿದ್ದು, ಅವರ ಧಾರ್ಮಿಕ ಬದುಕಿನಲ್ಲಿ ಗ್ರಂಥಿಗಳ ಪಾತ್ರ ಹಿರಿದು. ಆದರೆ ಅವರು ಪುರೋಹಿತರಲ್ಲ.

ಗ್ರಂಥವೇ ಗುರು

1604ರಲ್ಲಿ ಐದನೆಯ ಗುರು ಅರ್ಜನ ದೇವರು ಆದಿ ಗ್ರಂಥವನ್ನು ಅಮೃತಸರದ ಹರಮಂದಿರದಲ್ಲಿ ಪ್ರತಿಷ್ಠಾಪಿಸಿ, ಬಾಬಾ ಬುಡ್ಢಾ ಅವರನ್ನು ಮೊದಲ ಗ್ರಂಥಿಯಾಗಿ ನೇಮಿಸಿದರು. 1708ರಲ್ಲಿ ನಾಂದೇಡಿನಲ್ಲಿ ಗುರು ಗೋಬಿಂದ ಸಿಂಗರು ತಮ್ಮ ನಂತರ ಗ್ರಂಥವೇ ಗುರು ಎಂದು ಸಾರಿದರು. ಹೀಗಾಗಿ ಗುರುವಿನ ಪೀಠದಲ್ಲಿ ಮನುಷ್ಯರಿಗೆ ಸ್ಥಾನವಿಲ್ಲ. 1430 ಪುಟಗಳ ಗುರು ಗ್ರಂಥ ಸಾಹಿಬನ್ನು ಓದುವುದು, ಕಾಯುವುದು, ಕೇಳಿದವರಿಗೆ ತಿಳಿಸುವುದು ಗ್ರಂಥಿಯ ಕೆಲಸ. ಗುರುಮುಖಿ ಬಲ್ಲ, ನಡತೆ ಶುದ್ಧವಾಗಿರುವ ಯಾವ ಸಿಖ್ಖರೂ ಗ್ರಂಥವನ್ನು ಓದಬಹುದು. ಈ ಸೇವೆಗೆ ಜಾತಿಯ ಕಟ್ಟಾಗಲಿ ವಂಶದ ಹಕ್ಕಾಗಲಿ ಇಲ್ಲ. ಶಾಸ್ತ್ರದ ಪ್ರಕಾರ ಮಹಿಳೆಯರಿಗೂ ಅಡ್ಡಿಯಿಲ್ಲ. ರೂಢಿಯಲ್ಲಿ ಮಾತ್ರ ಗ್ರಂಥಿಗಳಲ್ಲಿ ಪುರುಷರೇ ಹೆಚ್ಚು.

ನಿತ್ಯದ ಕಾಯಕ

ನಸುಕಿನಲ್ಲಿ ಗ್ರಂಥವನ್ನು ಗೌರವದಿಂದ ತಂದು ಮೇಲ್ಕಟ್ಟಿನ ಕೆಳಗಿನ ಪೀಠದಲ್ಲಿ ತೆರೆದಿಡುವುದಕ್ಕೆ ‘ಪ್ರಕಾಶ’ ಎಂದೂ, ರಾತ್ರಿ ಮುಚ್ಚಿ ವಿಶ್ರಾಂತಿಗೆ ಒಯ್ಯುವುದಕ್ಕೆ ‘ಸುಖಾಸನ’ ಎಂದೂ ಹೆಸರು. ನಡುವೆ ಪಾಠ, ‘ಅರ್ದಾಸ್’ ಎಂಬ ಸಾಮೂಹಿಕ ಪ್ರಾರ್ಥನೆ ಮತ್ತು ‘ಹುಕಂನಾಮಾ’ ನಡೆಯುತ್ತವೆ. ಗ್ರಂಥವನ್ನು ತೆರೆದಾಗ ಕಣ್ಣಿಗೆ ಬಿದ್ದ ಪದ್ಯವನ್ನು ಗುರುವಿನ ಅಪ್ಪಣೆಯೆಂದು ಓದುವುದೇ ಹುಕಂನಾಮಾ. ಮಗುವಿಗೆ ಹೆಸರಿಡುವಾಗಲೂ ಹೀಗೆ ಬಂದ ಪದ್ಯದ ಮೊದಲ ಅಕ್ಷರವೇ ಆಧಾರ. ವಿವಾಹದಲ್ಲಿ ವಧೂವರರು ಗ್ರಂಥಕ್ಕೆ ನಾಲ್ಕು ಪ್ರದಕ್ಷಿಣೆ ಬರುವರು. ‘ಆನಂದ ಕಾರಜ್’ ಎಂಬ ಈ ಪದ್ಧತಿಗೆ 1909ರ ಕಾಯ್ದೆ ಮಾನ್ಯತೆ ನೀಡಿತು. ಸುಮಾರು 48 ಗಂಟೆಗಳ ಅಖಂಡ ಪಾಠದಲ್ಲಿ ಹಲವರು ಸರದಿಯಂತೆ ಓದುತ್ತಾರೆ. ಕೀರ್ತನೆ ಹಾಡುವವರು ರಾಗಿಗಳು, ಪ್ರವಚನಕಾರರು ಕಥಾವಾಚಕರು. ನಮ್ಮ ನಾಡಿನ ದಾಸೋಹವನ್ನು ನೆನಪಿಸುವ ‘ಲಂಗರ್’ ಪಂಕ್ತಿಭೋಜನವನ್ನು ಭಕ್ತರೇ ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು ನಡೆಸುತ್ತಾರೆ.

ಅಧಿಕಾರಕ್ಕೆ ಕಡಿವಾಣ

ಗ್ರಂಥಿಯ ಅಧಿಕಾರಕ್ಕೆ ಮಿತಿ ಹಾಕಿರುವುದಕ್ಕೆ ಇತಿಹಾಸದಲ್ಲಿ ಕಾರಣಗಳಿವೆ. ಗುರುಗಳ ಪರವಾಗಿ ಕಾಣಿಕೆ ಸಂಗ್ರಹಿಸುತ್ತಿದ್ದ ‘ಮಸಂದ’ರು ಕಾಲಾಂತರದಲ್ಲಿ ಭ್ರಷ್ಟರಾದರೆಂದು ಗುರು ಗೋಬಿಂದ ಸಿಂಗರು ಆ ವ್ಯವಸ್ಥೆಯನ್ನೇ ರದ್ದುಪಡಿಸಿದರು. ಮುಂದೆ ಗುರುದ್ವಾರಗಳನ್ನು ಸ್ವಂತ ಆಸ್ತಿಯಂತೆ ಅನುಭವಿಸುತ್ತಿದ್ದ ಮಹಂತರ ವಿರುದ್ಧ ಚಳವಳಿ ನಡೆಯಿತು. 1921ರ ಫೆಬ್ರುವರಿಯಲ್ಲಿ ನನಕಾನಾ ಸಾಹಿಬ್‌ನಲ್ಲಿ ರಕ್ತಪಾತವಾಯಿತು. 1925ರ ಗುರುದ್ವಾರ ಕಾಯ್ದೆಯಿಂದ ಪಂಜಾಬಿನ ಐತಿಹಾಸಿಕ ಗುರುದ್ವಾರಗಳ ಆಡಳಿತ ಚುನಾಯಿತ ಸಮಿತಿಯ ಕೈಸೇರಿತು. ಆ ಕಾಯ್ದೆ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಇಲ್ಲಿನ ಗುರುದ್ವಾರಗಳನ್ನು ಸ್ಥಳೀಯ ಸಮಿತಿಗಳೇ ನಡೆಸುತ್ತವೆ.

ಬೀದರಿನ ಕೊಡುಗೆ

ಒಬ್ಬನ ಕೈಯಲ್ಲಿ ಧಾರ್ಮಿಕ ಅಧಿಕಾರ ಇರಬಾರದೆಂಬ ತತ್ತ್ವಕ್ಕೆ ಕನ್ನಡ ನಾಡಿನ ನಂಟೂ ಉಂಟು. 1699ರ ಬೈಸಾಖಿಯಂದು ಆನಂದಪುರದಲ್ಲಿ ಖಾಲ್ಸಾ ಸ್ಥಾಪನೆಯಾದಾಗ ತಲೆ ಕೊಡಲು ಮುಂದೆ ಬಂದ ‘ಪಂಚ ಪ್ಯಾರೇ’ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಸಂಪ್ರದಾಯದ ಪ್ರಕಾರ ಅವರು ಬೀದರಿನವರು, ಕ್ಷೌರಿಕ ವೃತ್ತಿಯ ಮನೆತನದವರು. ಐವರಿಗೂ ಅಮೃತ ದೀಕ್ಷೆ ನೀಡಿದ ಗುರುಗಳು, ಬಳಿಕ ಅದೇ ಐವರ ಮುಂದೆ ಕೈಜೋಡಿಸಿ ನಿಂತು ತಾವೂ ದೀಕ್ಷೆ ಪಡೆದರು. ಇಂದಿಗೂ ಅಮೃತ ದೀಕ್ಷೆಯನ್ನು ಗ್ರಂಥಿ ಒಬ್ಬರೇ ಕೊಡುವಂತಿಲ್ಲ. ದೀಕ್ಷಿತರಾದ ಐವರು ಸೇರಬೇಕು. 1945ರಲ್ಲಿ ಅಂಗೀಕೃತವಾದ ಸಿಖ್ ರೆಹತ್ ಮರ್ಯಾದೆ ಈ ಐವರಲ್ಲಿ ಮಹಿಳೆಯರೂ ಇರಬಹುದೆಂದು ಹೇಳುತ್ತದೆ. ಮುಕ್ತಸರದ ಕಾಳಗದಲ್ಲಿ ಹೋರಾಡಿದ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಬೀದರ್ ಸಮೀಪದ ಜನವಾಡದಲ್ಲಿ ಕಳೆದರೆಂಬ ನಂಬಿಕೆಯಿದೆ. ಗುರು ನಾನಕರ ಭೇಟಿಯನ್ನು ಸ್ಮರಿಸುವ ನಾನಕ್ ಝೀರಾ ಸಾಹಿಬ್‌ನ ನೀರಿನ ಒರತೆ ಬೀದರಿನಲ್ಲಿ ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿದೆ.

ಇಂದಿನ ಸವಾಲು

ಪಂಜಾಬಿನಿಂದ ದೂರದಲ್ಲಿ ಬೆಳೆಯುವ ಮಕ್ಕಳಿಗೆ ಗುರುಮುಖಿ ಅಕ್ಷರ ಸುಲಭವಾಗಿ ಸಿಗುವುದಿಲ್ಲ. ಓದು ಬಾರದಿದ್ದರೆ, ಎಲ್ಲರೂ ಓದಬಹುದಾದ ಗ್ರಂಥವು ಕೆಲವೇ ಬಲ್ಲವರ ಸ್ವತ್ತಾಗಿ, ಬೇಡವೆಂದು ಬಿಟ್ಟ ಪೌರೋಹಿತ್ಯ ಹಿಂಬಾಗಿಲಿನಿಂದ ಒಳಬರುತ್ತದೆ. ಆದ್ದರಿಂದ ಮಕ್ಕಳಿಗೆ ಗುರುಮುಖಿ ಕಲಿಸುವುದು ಗ್ರಂಥಿಯ ಸೇವೆಗಳಲ್ಲಿ ಮುಖ್ಯವಾದುದು. ಇನ್ನೊಂದೆಡೆ, ಸಮಿತಿ ನೀಡುವ ಸಂಬಳವನ್ನೇ ನಂಬಿದ ಗ್ರಂಥಿಗೆ ಸಮಿತಿಯ ಎದುರು ನಿರ್ಭಯವಾಗಿ ಧರ್ಮದ ಮಾತು ಹೇಳುವುದು ಸುಲಭವಲ್ಲ. ಗ್ರಂಥಿಗೆ ಗೌರವದ ಜೀವನೋಪಾಯ, ಭಕ್ತರಿಗೆ ಗ್ರಂಥದ ಓದು ಎರಡೂ ದೊರೆತಲ್ಲಿ ಮಾತ್ರ ಈ ವ್ಯವಸ್ಥೆ ತನ್ನ ಮೂಲ ಆಶಯಕ್ಕೆ ತಕ್ಕಂತೆ ನಡೆಯಬಲ್ಲದು.