ಓವರ್‌ಕೋಟು: ಪುರುಷರ ಚಳಿಗಾಲದ ಮೇಲುಡುಪು

ಅಂಗಿ, ವೇಸ್ಟ್‌ಕೋಟು, ಕೋಟುಗಳೆಲ್ಲದರ ಮೇಲೆ ಹೊರಗಣ ಶೀತದಿಂದ ರಕ್ಷಣೆ ಪಡೆಯುವುದಕ್ಕಾಗಿ ಧರಿಸುವ, ಮೊಣಕಾಲಿನವರೆಗೂ ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ ಇಳಿಯುವ, ದಪ್ಪ ಉಣ್ಣೆಬಟ್ಟೆಯ ನಿಲುವಂಗಿಗೆ ಓವರ್‌ಕೋಟು ಎಂದು ಹೆಸರು. ಯೂರೋಪಿನ ಉತ್ತರ ದೇಶಗಳು, ರಷ್ಯ, ಉತ್ತರ ಅಮೆರಿಕ, ನಮ್ಮ ದೇಶದಲ್ಲಿಯಾದರೆ ಕಾಶ್ಮೀರ, ಸಿಮ್ಲಾ, ದೆಹಲಿಗಳ ಸೀಮೆ ಇದರ ಬಳಕೆಯ ಪ್ರದೇಶಗಳು. ಕನ್ನಡನಾಡಿನ ಹವೆಗೆ ಇದು ಅವಶ್ಯಕವಲ್ಲ. ಮಡಿಕೇರಿಯ ಡಿಸೆಂಬರಿನಲ್ಲಿಯೂ ಒಂದು ಒಳ್ಳೆಯ ಸ್ವೆಟರು, ಕಿವಿಗೊಂದು ಮಫ್ಲರು ಇದ್ದರೆ ಬೆಳಗು ಕಳೆದುಹೋಗುತ್ತದೆ. ಆದರೆ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಲಂಡನ್ನಿಗೋ ಟೊರಾಂಟೋವಿಗೋ ಹೋದ ಕನ್ನಡಿಗನು ಮೊದಲನೆಯ ಚಳಿಗಾಲದಲ್ಲಿ ಕೊಳ್ಳಬೇಕಾಗಿ ಬರುವ ಅತ್ಯಂತ ಬೆಲೆಯುಳ್ಳ ಉಡುಪು ಬಹುಶಃ ಇದೇ ಆಗಿರುವುದರಿಂದಲೂ, ಚಿಕ್ಕಂದಿನಿಂದ ಇದರ ಸಹವಾಸವಿಲ್ಲದ ಕಾರಣ ಅಂಗಡಿಯ ಕನ್ನಡಿಯ ಮುಂದೆ ಬಣ್ಣವನ್ನು ಮಾತ್ರ ಕಂಡು ಮರುಳಾಗುವ ಸಂಭವವಿರುವುದರಿಂದಲೂ, ಆಯ್ಕೆಯ ವಿಚಾರವನ್ನು ತುಸು ವಿಸ್ತಾರವಾಗಿ ಹೇಳುವುದು ಯುಕ್ತ. ಬೆಚ್ಚಗಿರುವ ಕೋಟು ಅಂದವಾಗಿರದು, ಅಂದವಾದದ್ದು ಬೆಚ್ಚಗಿರದು ಎಂಬ ಭಾವನೆ ಹಲವರಲ್ಲಿದೆ. ಈ ಉಡುಪಿನ ಮಟ್ಟಿಗೆ ಅದು ನಿರಾಧಾರವಾದುದು. ಬಟ್ಟೆಯ ತೂಕ, ಹೆಗಲಿನ ಕೂರಣೆ, ಕೊರಳಪಟ್ಟಿಯ ಎತ್ತರ, ಅಂಚಿನ ಇಳಿತ ಎಂಬ ನಾಲ್ಕು ಸಂಗತಿಗಳಿಂದಲೇ ಶೀತನಿವಾರಣೆಯೂ ಶೋಭೆಯೂ ಏಕಕಾಲದಲ್ಲಿ ಸಿದ್ಧಿಸುತ್ತವೆ.

ಕೋಟು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಶರೀರವು ಹೊರಸೂಸುವ ಶಾಖವನ್ನು ಹೋಗಗೊಡದೆ ಹಿಡಿದಿಡುವುದಷ್ಟೇ ಅದರ ಕೆಲಸ. ನಿಶ್ಚಲವಾದ ಗಾಳಿ ಉಷ್ಣವನ್ನು ಅತಿ ಮಂದವಾಗಿ ಸಾಗಿಸುತ್ತದೆ. ಅದೇ ಗಾಳಿ ಅಲುಗಾಡತೊಡಗಿತೆಂದರೆ ಉಷ್ಣವನ್ನು ಕ್ಷಣಮಾತ್ರದಲ್ಲಿ ಹೊತ್ತುಕೊಂಡು ಹೋಗುತ್ತದೆ. ಕುರಿಯ ಉಣ್ಣೆಯ ಎಳೆ ನೆಟ್ಟಗಿರದೆ ಅಲೆಅಲೆಯಾಗಿ ಸುರುಳಿಗೊಂಡಿರುವುದರಿಂದ ಎಳೆಗಳು ಒಂದರ ಮೇಲೊಂದು ಒತ್ತಾಗಿ ಕೂರಲಾರವು. ಆ ಎಡೆಗಳಲ್ಲೆಲ್ಲ ಗಾಳಿ ಸಿಕ್ಕಿಕೊಂಡು ನಿಶ್ಚಲವಾಗಿ ನಿಲ್ಲುತ್ತದೆ. ಮೇಲಾಗಿ, ಉಣ್ಣೆಯು ತನ್ನ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಆವಿರೂಪದಲ್ಲಿ ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ, ಹೀರುವಾಗ ಅಲ್ಪಸ್ವಲ್ಪ ಶಾಖವನ್ನು ಹೊರಬಿಡುವುದೂ ಉಂಟು. ಹತ್ತಿಗೆ ಈ ಗುಣ ಇಷ್ಟಿಲ್ಲ. ಹಕ್ಕಿಯ ಪುಕ್ಕ ತುಂಬಿದ ಹಗುರವಾದ ಜಾಕೆಟ್ಟುಗಳು ಒಣಚಳಿಯಲ್ಲಿ ಉಣ್ಣೆಯನ್ನು ಮೀರಿಸುವುವಾದರೂ, ನೆನೆದರೆ ಪುಕ್ಕ ಮುದ್ದೆಗಟ್ಟಿ ಗಾಳಿಯನ್ನು ಕಳೆದುಕೊಳ್ಳುವುದರಿಂದ, ಮಂಜೂ ಮಳೆಯೂ ಬೆರೆತು ಬೀಳುವ ನಗರದ ಬೀದಿಗಳಲ್ಲಿ ಉಣ್ಣೆಯ ಕೋಟಿನ ಮೇಲ್ಮೆ ಇಂದಿಗೂ ಅಳಿದಿಲ್ಲ.

ಈ ತತ್ತ್ವ ನಮಗೆ ಹೊಸತಲ್ಲ. ಚಳ್ಳಕೆರೆಯ ಕಡೆಯ ಕುರುಬರು ದಖ್ಖಣಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ, ಕುಳಿಮಗ್ಗದಲ್ಲಿ ನೇಯುವ ಕರಿಕಂಬಳಿಯ ಒಂದು ಮೂಲೆಯನ್ನು ಮಡಿಚಿ ತಲೆಯ ಮೇಲೆ ಕೊಪ್ಪೆಯಾಗಿ ಇಳಿಬಿಟ್ಟುಕೊಂಡು ಮಲೆನಾಡಿನ ಒಕ್ಕಲಿಗನು ಆಷಾಢದ ಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದುದನ್ನು ಕಂಡವರಿಗೆ ಉಣ್ಣೆಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಕಂಬಳಿಯ ರೋಮದ ತುದಿಯಲ್ಲಿ ಮಳೆಹನಿ ಸಾಸಿವೆಯ ಕಾಳಿನಂತೆ ನಿಂತು, ಕೊಡವಿದರೆ ಉದುರಿಹೋಗುತ್ತದೆ. ಸ್ಕಾಟ್ಲೆಂಡಿನ ದಪ್ಪ ಟ್ವೀಡಿನ ಮೇಲೂ ಟಿರೋಲ್ ಪ್ರಾಂತದ ಲೋಡನ್ ಬಟ್ಟೆಯ ಮೇಲೂ ಕಾಣುವುದು ಇದೇ ಹನಿ.

ಓವರ್‌ಕೋಟಿನ ಬಟ್ಟೆಗಳಲ್ಲಿ ಮೊದಲು ಹೇಳಬೇಕಾದುದು ಮೆಲ್ಟನ್. ಇಂಗ್ಲೆಂಡಿನ ಲೆಸ್ಟರ್‌ಷೈರಿನ ಮೆಲ್ಟನ್ ಮೋಬ್ರೆ ಎಂಬ ಊರಿನಿಂದ ಇದಕ್ಕೆ ಈ ಹೆಸರು ಬಂದಿತು. ನೇಯ್ದ ಬಟ್ಟೆಯನ್ನು ಸಾಬೂನಿನ ಬಿಸಿನೀರಿನಲ್ಲಿ ಕುಟ್ಟಿ ಕುಗ್ಗಿಸಿ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನೇಯ್ಗೆಯ ಗುರುತೇ ಅಳಿದುಹೋಗುವಂತೆ ಮಾಡಿ, ಮೇಲಿನ ರೋಮವನ್ನು ಒಂದೇ ಸಮನಾಗಿ ಕತ್ತರಿಸಿದರೆ ಮೆಲ್ಟನ್ ಸಿದ್ಧವಾಗುತ್ತದೆ. ಗಾಳಿಗೆ ಇದರಷ್ಟು ಅಭೇದ್ಯವಾದ ಉಣ್ಣೆಬಟ್ಟೆ ವಿರಳ. ಇದನ್ನು ಕತ್ತರಿಸಿದ ಅಂಚಿನಿಂದ ನೂಲು ಸುಲಭವಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಒಂಟೆಯ ಒಳರೋಮದಿಂದ ನೇಯ್ದ ಬಟ್ಟೆ ಹಗುರ, ಮೃದು, ಹೊನ್ನಿನ ಛಾಯೆಯ ಸಹಜವಾದ ಬಣ್ಣದ್ದು. ಮೇಕೆಯ ಒಳರೋಮವಾದ ಕ್ಯಾಶ್ಮೀರ್ ಇನ್ನೂ ನವುರು. ನಮ್ಮ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಮೇಕೆಗಳಿಂದ ಬರುವ ಪಶ್ಮೀನಾ ಇದರ ಶ್ರೇಷ್ಠವಾದ ಬಗೆ. ಆದರೆ ಈ ನವುರುತನಕ್ಕೆ ತೆರಬೇಕಾದ ಬೆಲೆ ಹಣ ಮಾತ್ರವಲ್ಲ. ಚೀಲದ ಪಟ್ಟಿ ಉಜ್ಜುವ ಹೆಗಲು, ಮೇಜಿಗೆ ತಾಗುವ ತೋಳಿನ ತುದಿ ಇವು ಬೇಗ ಸವೆಯುತ್ತವೆ, ಮೈಮೇಲೆ ಸಣ್ಣ ಗಂಟುಗಳೇಳುತ್ತವೆ. ದಿನವೂ ಧರಿಸತಕ್ಕ ಒಂದೇ ಕೋಟನ್ನು ಕೊಳ್ಳುವವನು ಶುದ್ಧ ಉಣ್ಣೆಯನ್ನೋ, ಉಣ್ಣೆ 80 ಪಾಲು ನೈಲಾನು 20 ಪಾಲಿರುವ ಮಿಶ್ರಣವನ್ನೋ ಆರಿಸುವುದು ವಿವೇಕ. ಅರ್ಧಪಾಲು ಪಾಲಿಯೆಸ್ಟರಿರುವ ಬಟ್ಟೆ ನೋಟಕ್ಕೆ ಉಣ್ಣೆಯಂತೆಯೇ ಇದ್ದರೂ ಬೆವರನ್ನು ಹೀರದೆ, ಎರಡು ಚಳಿಗಾಲದಲ್ಲಿ ಮಿರುಗುಗಟ್ಟುತ್ತದೆ.

ಬಟ್ಟೆಯ ತೂಕವನ್ನು ವಿಚಾರಿಸಿಯೇ ಕೊಳ್ಳಬೇಕು. ಸೂಟಿನ ಬಟ್ಟೆ ಮೀಟರಿಗೆ ಸಾಮಾನ್ಯವಾಗಿ 250ರಿಂದ 350 ಗ್ರಾಂ ತೂಗುವುದಾದರೆ, ಓವರ್‌ಕೋಟಿನದು 500 ಗ್ರಾಮಿಗೆ ಕಡಿಮೆಯಿರಕೂಡದು. ಹಿಮ ಬೀಳುವ ಊರಿಗೆ 700 ಗ್ರಾಂ ಅಧಿಕವೇನೂ ಅಲ್ಲ. ಅಂಗಡಿಯವನು ತೂಕ ತಿಳಿಯದೆಂದರೆ ಕೈಯೇ ತಕ್ಕಡಿ: ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಹತ್ತೆಣಿಸಿ ಬಿಟ್ಟಾಗ ಒಳ್ಳೆಯ ಉಣ್ಣೆ ಮೆಲ್ಲನೆ ಉಬ್ಬಿ ಮೊದಲಿನ ರೂಪಕ್ಕೆ ಬರುತ್ತದೆ, ಸುಕ್ಕು ನಿಲ್ಲುವುದಿಲ್ಲ, ಬೆಳಕಿಗೆ ಎತ್ತಿ ಹಿಡಿದರೆ ನೇಯ್ಗೆಯ ಸಂದುಗಳಲ್ಲಿ ಕಿರಣ ತೂರಬಾರದು. ತೂಕದ ಬಟ್ಟೆಗೆ ಇನ್ನೊಂದು ಗುಣವುಂಟು. ಅದು ತನ್ನ ಭಾರದಿಂದಲೇ ನೀಳವಾಗಿ ಇಳಿದು ನಿಲ್ಲುತ್ತದೆ, ಗಾಳಿಗೆ ಹಾರಾಡುವುದಿಲ್ಲ, ನಡೆಯುವಾಗ ಮೊಣಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಹಳೆಯ ಚಿತ್ರಗಳಲ್ಲಿ ಓವರ್‌ಕೋಟು ತೊಟ್ಟವರು ಗಂಭೀರರಾಗಿ ಕಾಣುವುದಕ್ಕೆ ಬಹುಮಟ್ಟಿಗೆ ಈ ಭಾರವೇ ಕಾರಣ.

ರೂಪಭೇದಗಳು ಹಲವು. 1840ರ ದಶಕದಲ್ಲಿ ಆರನೆಯ ಚೆಸ್ಟರ್‌ಫೀಲ್ಡ್ ಅರ್ಲನ ಹೆಸರಿನಿಂದ ಪ್ರಸಿದ್ಧಿಗೆ ಬಂದ ಚೆಸ್ಟರ್‌ಫೀಲ್ಡ್ ಕೋಟಿನಲ್ಲಿ ಸೊಂಟದ ಅಡ್ಡಹೊಲಿಗೆ ಇಲ್ಲ. ಹೆಗಲಿನಿಂದ ಅಂಚಿನವರೆಗೆ ಒಂದೇ ಸರಳವಾದ ರೇಖೆ. ಹಲವು ವೇಳೆ ಅದರ ಕೊರಳಪಟ್ಟಿಗೆ ಮಖಮಲ್ಲಿನ ಹೊದಿಕೆಯಿರುತ್ತದೆ. ಕಚೇರಿಗೂ ಸಭೆಗೂ ಮದುವೆಗೂ ಒಪ್ಪುವ ರೂಪ ಇದು. ಐರ್ಲೆಂಡಿನ ಪ್ರಾಂತವೊಂದರ ಹೆಸರು ಹೊತ್ತ ಅಲ್‌ಸ್ಟರ್ ಪ್ರಯಾಣಿಕರ ಕೋಟು. ಎರಡು ಸಾಲು ಗುಂಡಿ, ಅಗಲವಾದ ಕೊರಳಪಟ್ಟಿ, ಬೆನ್ನಿಗೊಂದು ಅರ್ಧಪಟ್ಟಿ. ಚಳಿಯನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದುದು ಕಡಿಮೆ. ಒಂದನೆಯ ಮಹಾಯುದ್ಧದ ಬ್ರಿಟಿಷ್ ಅಧಿಕಾರಿಗಳ ಉಡುಪಿನಿಂದ ಬಂದ ಬ್ರಿಟಿಷ್ ವಾರ್ಮ್ ಹೆಗಲಪಟ್ಟಿಗಳುಳ್ಳದ್ದು, ಮೊಣಕಾಲಿನ ಬಳಿ ನಿಲ್ಲುವಂಥದ್ದು. ಪೋಲೋ ಆಟಗಾರರು ಆಟದ ನಡುವೆ ಹೊದ್ದುಕೊಳ್ಳುತ್ತಿದ್ದ ಒಂಟೆರೋಮದ ಕೋಟನ್ನು ಬ್ರೂಕ್ಸ್ ಬ್ರದರ್ಸ್ ಸಂಸ್ಥೆ 20ನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕಕ್ಕೆ ಪರಿಚಯಿಸಿತು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಳಿಯ ಡಫೆಲ್ ಊರಿನ ಒರಟು ಬಟ್ಟೆಯಿಂದ ಹೆಸರು ಪಡೆದ ಡಫಲ್ ಕೋಟಿಗೆ ಟೊಪ್ಪಿಗೆಯೂ, ಗುಂಡಿಗೆ ಬದಲಾಗಿ ಹಗ್ಗದ ಕುಣಿಕೆಗೆ ಸಿಕ್ಕಿಸುವ ಮರದ ತುಂಡುಗಳೂ ಉಂಟು. ಕೈಗವಸು ತೊಟ್ಟ ಬೆರಳಿನಿಂದಲೂ ಅವನ್ನು ಹಾಕಿ ಬಿಚ್ಚಬಹುದಾದುದರಿಂದ ಬ್ರಿಟಿಷ್ ನೌಕಾಪಡೆ ಇದನ್ನು ಮೆಚ್ಚಿತು, ಎರಡನೆಯ ಮಹಾಯುದ್ಧದಲ್ಲಿ ಮಾಂಟ್‌ಗೊಮರಿ ಧರಿಸಿ ಜನಪ್ರಿಯಗೊಳಿಸಿದನು. ವಾಟರ್‌ಲೂ ರಣರಂಗದಲ್ಲಿ 1815ರಲ್ಲಿ ಬಲದೋಳನ್ನು ಕಳೆದುಕೊಂಡ ಸೇನಾನಿ ಲಾರ್ಡ್ ರ್‍ಯಾಗ್ಲನ್ನನ ಹೆಸರು ಪಡೆದ ತೋಳಿನ ಕ್ರಮವೂ ಓವರ್‌ಕೋಟಿನಲ್ಲಿ ಸಾಮಾನ್ಯ. ಅದರಲ್ಲಿ ಹೊಲಿಗೆ ಹೆಗಲಿನ ತುದಿಯಲ್ಲಿ ನಿಲ್ಲದೆ ಕೊರಳಿನವರೆಗೆ ಓರೆಯಾಗಿ ಸಾಗುವುದರಿಂದ ಒಳಗೆ ದಪ್ಪ ಕೋಟಿದ್ದರೂ ಹಿಡಿಯುವುದಿಲ್ಲ.

ಭಾರತದಲ್ಲಿ ಈ ಉಡುಪಿನ ಬಟ್ಟೆಯ ತಯಾರಿಕೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬೇರೂರಿತು. 1876ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾಗಿ ಮುಂದೆ ಲಾಲ್ ಇಮ್ಲಿ ಎಂದು ಮನೆಮಾತಾದ ಉಣ್ಣೆಯ ಗಿರಣಿಯೂ, 1880ರಲ್ಲಿ ಪಂಜಾಬಿನ ಧಾರಿವಾಲದಲ್ಲಿ ಆರಂಭವಾದ ಗಿರಣಿಯೂ ಪ್ರಮುಖವಾದವು. ಬೆಂಗಳೂರಿನಲ್ಲಿ 1884ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಬಿನ್ನಿ ಮಿಲ್ಲು ಎಂಬ ಹೆಸರಿನಿಂದ ಊರಿನವರಿಗೆಲ್ಲ ಪರಿಚಿತವಾಗಿತ್ತು. 1914ರ ಶರತ್ಕಾಲದಲ್ಲಿ ಫ್ರಾನ್ಸಿನ ರಣರಂಗಕ್ಕೆ ಇಳಿದ ಭಾರತೀಯ ಸೈನಿಕರಲ್ಲಿ ಬಹುಮಂದಿ ಬಿಸಿಲುನಾಡಿಗೆ ತಕ್ಕ ತೆಳುವಾದ ಹತ್ತಿಯ ಕಾಕಿ ತೊಟ್ಟಿದ್ದರು. ಆ ವರ್ಷದ ಕೆಸರು ತುಂಬಿದ ಕಂದಕಗಳಲ್ಲಿ ಬೆಚ್ಚನೆಯ ಕೋಟು ಬರುವವರೆಗೆ ಅವರು ಪಟ್ಟ ಪಾಡು, ಉಡುಪಿನ ವಿಚಾರ ಕೇವಲ ಅಲಂಕಾರದ ವಿಚಾರವೆಂದು ಭಾವಿಸುವವರು ತಿಳಿದಿರಬೇಕಾದ ಸಂಗತಿ.

ಅಳತೆಯನ್ನು ನೋಡುವಾಗ ಒಳಗೆ ಸೂಟಿನ ಕೋಟು ತೊಟ್ಟೇ ನೋಡತಕ್ಕದ್ದು. ಬರಿಯ ಅಂಗಿಯ ಮೇಲೆ ಸರಿಹೋದ ಓವರ್‌ಕೋಟು ಜನವರಿಯಲ್ಲಿ ಗುಂಡಿ ಹಾಕಗೊಡದು. ಹೆಗಲಿನ ಹೊಲಿಗೆ ಒಳಕೋಟಿನ ಹೆಗಲಿಗಿಂತ ಒಂದು ಬೆರಳಿನಷ್ಟು ಹೊರಗಿರಬೇಕು. ಅದಕ್ಕಿಂತ ಒಳಗಾದರೆ ತೋಳೆತ್ತಿದಾಗ ಬೆನ್ನು ಬಿಗಿಯುತ್ತದೆ. ಹೊರಗಾದರೆ ತೋಳು ಕುಸಿದು ತೊಟ್ಟವನು ಅಣ್ಣನ ಬಟ್ಟೆ ತೊಟ್ಟ ತಮ್ಮನಂತೆ ಕಾಣುತ್ತಾನೆ. ದರ್ಜಿ ಇತರ ತಪ್ಪುಗಳನ್ನೆಲ್ಲ ತಿದ್ದಿಯಾನು, ಹೆಗಲಿನ ತಪ್ಪನ್ನು ತಿದ್ದುವುದು ದುಸ್ಸಾಧ್ಯ; ಆದುದರಿಂದ ಹೆಗಲು ಕೂಡದ ಕೋಟನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡುವುದೇ ಲೇಸು. ತೋಳು ಅಂಗಿಯ ಕೈಪಟ್ಟಿಯನ್ನೂ ಮುಚ್ಚಿ ಮಣಿಕಟ್ಟನ್ನು ದಾಟಬೇಕು. ಅಂಚು ಮೊಣಕಾಲಿನವರೆಗೆ ಇಳಿದರೆ ತೊಡೆಗಳಿಗೆ ಗಾಳಿ ನುಗ್ಗದು. ತೊಡೆಯ ನಡುವಿಗೇ ನಿಲ್ಲುವ ಈಚಿನ ಗಿಡ್ಡ ಕೋಟುಗಳು ಹಣವನ್ನೂ ಬಟ್ಟೆಯನ್ನೂ ಉಳಿಸಬಹುದು, ಮೈಯನ್ನಂತೂ ಬೆಚ್ಚಗಿಡಲಾರವು. ಕುಳ್ಳಾದವನು ಒಂದೇ ಸಾಲು ಗುಂಡಿಯ, ಮೊಣಕಾಲಿನ ಮೇಲಂಚಿಗೆ ನಿಲ್ಲುವ ಕೋಟನ್ನು ಆರಿಸಿದರೆ ನಿಲುವು ನೀಳವಾಗಿ ತೋರುತ್ತದೆ. ಎರಡು ಸಾಲು ಗುಂಡಿಯ ಕೋಟಿನಲ್ಲಿ ಎದೆಯ ಮೇಲೆ ಬಟ್ಟೆ ಇಮ್ಮಡಿಯಾಗುವುದರಿಂದ ಬೆಚ್ಚಗಿರುವುದು ಹೆಚ್ಚು. ಎತ್ತರದವರಿಗೂ ತೆಳ್ಳನೆಯ ಮೈಯವರಿಗೂ ಅದು ವಿಶೇಷವಾಗಿ ಒಪ್ಪುತ್ತದೆ.

ಕೊರಳಪಟ್ಟಿಯನ್ನು ಎತ್ತಿ ನಿಲ್ಲಿಸಿ ನೋಡದೆ ಕೋಟನ್ನು ಕೊಳ್ಳಬಾರದು. ಅದು ಕಿವಿಯ ಕೆಳಗಿನವರೆಗೆ ತಾನಾಗಿ ನಿಲ್ಲಬೇಕು. ಹಿಂಗೊರಳಿನಲ್ಲಿ ಸಂದು ಬಿಡಬಾರದು. ಒಳ್ಳೆಯ ಕೋಟಿನಲ್ಲಿ ಪಟ್ಟಿಯ ಅಡಿಗೆ ಬಿಗಿಯಾದ ಮೆಲ್ಟನ್ ತುಂಡನ್ನಿಟ್ಟು ಸಣ್ಣ ಸಣ್ಣ ಓರೆಹೊಲಿಗೆಗಳಿಂದ ಬಲಪಡಿಸಿರುತ್ತಾರೆ. ಎದೆಯ ಮಡಿಕೆಯನ್ನು ಎರಡು ಬೆರಳುಗಳಿಂದ ಚಿವುಟಿ ಉಜ್ಜಿದರೆ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರುವುದು ತಿಳಿಯುತ್ತದೆ. ಅದು ಕುದುರೆಯ ಕೂದಲು ಬೆರೆಸಿ ನೇಯ್ದ ಕ್ಯಾನ್‌ವಾಸು. ಅಂಟಿನಿಂದ ಅಂಟಿಸಿದ ಅಗ್ಗದ ಕೋಟಿನಲ್ಲಿ ಈ ಜಾರುವಿಕೆ ಇಲ್ಲ. ಕೆಲಕಾಲದ ಮೇಲೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆಗಳೇಳುತ್ತವೆ. ಅಸ್ತರು ಬೆನ್ನಿನ ಪೂರ್ತಿ ಇರಬೇಕು, ನುಣುಪಾಗಿರಬೇಕು. ಇಲ್ಲವಾದರೆ ಒಳಕೋಟಿನ ತೋಳು ಹಿಡಿದು ಮೇಲಕ್ಕೆ ಸರಿಯುತ್ತದೆ. ನಿಕೊಲಾಯ್ ಗೊಗೊಲ್ 1842ರಲ್ಲಿ ಪ್ರಕಟಿಸಿದ ‘ಓವರ್‌ಕೋಟು’ ಕಥೆಯ ಬಡ ಗುಮಾಸ್ತ ಅಕಾಕಿಯೂ ಅವನ ದರ್ಜಿ ಪೆಟ್ರೋವಿಚ್ಚನೂ ಈ ಭೇದಗಳನ್ನೆಲ್ಲ ಬಲ್ಲವರು: ಹೊರಬಟ್ಟೆಗೆ ಅವರು ಹಣ ಸುರಿದರು, ಅಸ್ತರಿಗೆ ರೇಷ್ಮೆಯ ಬದಲು ಗಟ್ಟಿಯಾದ ಕ್ಯಾಲಿಕೋ ಹಿಡಿದರು, ಕೊರಳಿಗೆ ಮಾರ್ಟನ್ನಿನ ತುಪ್ಪಳ ಎಟುಕದೆ ದೂರದಿಂದ ಹಾಗೆಯೇ ಕಾಣುವ ಬೆಕ್ಕಿನ ತುಪ್ಪಳ ಹಾಕಿದರು. ಮಿತವಾದ ಹಣವುಳ್ಳವನು ಎಲ್ಲಿ ವ್ಯಯಮಾಡಬೇಕು, ಎಲ್ಲಿ ಹಿಡಿಯಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನಮಗೆ ತೋರದು.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಡುನೀಲಿ, ಇದ್ದಲಿನ ಬೂದಿಬಣ್ಣ ಇವೆರಡೂ ಎಲ್ಲ ಸೂಟುಗಳಿಗೂ ನಮ್ಮವರ ಮೈಬಣ್ಣಕ್ಕೂ ಹೊಂದುತ್ತವೆ. ಒಂಟೆಬಣ್ಣ ಬಲು ಚೆಲುವು, ಆದರೆ ನಗರದ ಮಸಿಯನ್ನು ಬೇಗ ತೋರಿಸುತ್ತದೆ. ಮೀನುಮುಳ್ಳಿನ ನೇಯ್ಗೆಯ ಬೂದುಬಟ್ಟೆ ಕೊಳೆಯನ್ನೂ ನೂಲೆಳೆಯನ್ನೂ ಮರೆಮಾಚುತ್ತದೆ. ಅಚ್ಚ ಕಪ್ಪು ಸಂಜೆಯ ಸಮಾರಂಭಕ್ಕೆ ಮೀಸಲು.

ಊರಿನಿಂದ ಹೊರಡುವ ಮುನ್ನವೇ ಕೋಟನ್ನು ಹೊಲಿಸಿಕೊಳ್ಳುವುದು ಸಾಮಾನ್ಯವಾಗಿ ಹಿತವಲ್ಲ. ಚಳಿಯಿಲ್ಲದ ಪೇಟೆಯಲ್ಲಿ ತೂಕದ ಬಟ್ಟೆ ದೊರೆಯುವುದು ಕಷ್ಟ, ಅದನ್ನು ಹೊಲಿದು ಕೈ ಪಳಗಿದ ದರ್ಜಿ ಇನ್ನೂ ದುರ್ಲಭ. ಹೋದ ಊರಿನಲ್ಲಿ ಚಳಿಗಾಲ ಮುಗಿಯುವ ಸಮಯಕ್ಕೆ ಬೆಲೆಯಿಳಿಸಿ ಮಾರುವಾಗ ಕೊಳ್ಳುವುದಾಗಲಿ, ಅಲ್ಲಿಯವರು ತೊಟ್ಟುಬಿಟ್ಟ ಹಳೆಯ ಕೋಟುಗಳ ಅಂಗಡಿಯಲ್ಲಿ ಹುಡುಕುವುದಾಗಲಿ ಲಾಭದಾಯಕ. ಹಳೆಯ ಕೋಟುಗಳ ಬಟ್ಟೆ ಇಂದಿನವಕ್ಕಿಂತ ಎಷ್ಟೋ ವೇಳೆ ತೂಕವುಳ್ಳದ್ದು.

ಪೋಷಣೆಯೂ ಆಯ್ಕೆಯ ಒಂದು ಅಂಗವೇ. ಮನೆಗೆ ಬಂದೊಡನೆ ಹಿಮವನ್ನು ಕೊಡವಿ, ಬೆಂಕಿಯಿಂದ ದೂರದಲ್ಲಿ ಹೆಗಲಿನಷ್ಟೇ ಅಗಲವಾದ ಮರದ ಹ್ಯಾಂಗರಿಗೆ ತೂಗುಹಾಕಬೇಕು. ಮೊಳೆಗೆ ಸಿಕ್ಕಿಸಿದರೆ ಬೆನ್ನಿನಲ್ಲಿ ಕೊಂಬು ಮೂಡುತ್ತದೆ. ಮೆದುವಾದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯುವುದನ್ನು ವಾರಕ್ಕೊಮ್ಮೆ ಮಾಡಿದರೆ ಡ್ರೈಕ್ಲೀನಿಂಗಿಗೆ ವರ್ಷಕ್ಕೊಂದು ಸಲ ಕೊಟ್ಟರೆ ಸಾಕು. ಉಣ್ಣೆಯ ಪರಮಶತ್ರು ನುಸಿ. ಹಾರಾಡುವ ಹುಳು ನಿರಪಾಯಿ. ಅದರ ಮೊಟ್ಟೆಯಿಂದ ಹೊರಟ ಮರಿಯೇ ಉಣ್ಣೆಯನ್ನು ತಿನ್ನುವುದು, ಅದರಲ್ಲಿಯೂ ಬೆವರಿನ, ಎಣ್ಣೆಯ ಕಲೆಯಿರುವ ಕಡೆ ಮೊದಲು. ಆದ್ದರಿಂದ ಕೋಟನ್ನು ಶುಚಿಮಾಡಿಯೇ ಪೆಟ್ಟಿಗೆಗೆ ಸೇರಿಸಬೇಕು. ಕೊಳಕನ್ನು ಒಳಗಿಟ್ಟು ನುಸಿಗುಳಿಗೆಯನ್ನು ನೆಚ್ಚುವುದು ವ್ಯರ್ಥ. ಊರಿಗೆ ಮರಳಿ ತಂದವರು ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಎಚ್ಚರವಹಿಸಿ, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಹರವತಕ್ಕದ್ದು. ಅಸ್ತರು ಹೊರಬಟ್ಟೆಗಿಂತ ಬಹು ಮೊದಲೇ ಹರಿಯುತ್ತದೆ, ಸಾಮಾನ್ಯವಾಗಿ ಕಂಕುಳಿನಲ್ಲಿಯೂ ಜೇಬಿನ ಬಾಯಲ್ಲಿಯೂ. ಅದನ್ನು ಬಿಚ್ಚಿ ಹೊಸದನ್ನು ಹಾಕಿಸಿದರೆ, ಗುಂಡಿಗಳನ್ನು ಮೇಣ ಹಚ್ಚಿದ ದಾರದಿಂದ ಮತ್ತೆ ಬಿಗಿಸಿದರೆ, ಒಳ್ಳೆಯ ಮೆಲ್ಟನ್ನಿನ ಕೋಟು ತಂದೆಯ ಹೆಗಲಿನಿಂದ ಮಗನ ಹೆಗಲಿಗೆ ದಾಟುವಷ್ಟು ಕಾಲ ಬಾಳುತ್ತದೆ.