ಕೈಗೆ ತಕ್ಕ ಹಿಡಿ

ಕೈ ಎಂಬ ಒಂದಕ್ಷರದ ಪದದಿಂದ ಕನ್ನಡದಲ್ಲಿ ಎಷ್ಟು ನುಡಿಗಟ್ಟುಗಳು ಹುಟ್ಟಿರುವುವೆಂಬುದನ್ನು ಉಪಾಧ್ಯಾಯ ಬಂಧುಗಳಿಗೆ ಹೇಳಬೇಕಾದುದಿಲ್ಲ. ಕಾರ್ಯವು ನೆರವೇರಿದರೆ ಕೈಗೂಡಿತೆನ್ನುತ್ತೇವೆ, ನಿರಾಶರಾದರೆ ಕೈಚೆಲ್ಲುತ್ತೇವೆ, ಕಷ್ಟದಲ್ಲಿದ್ದವನಿಗೆ ನೆರವಾದರೆ ಕೈಹಿಡಿದೆವೆನ್ನುತ್ತೇವೆ, ಅಸಮರ್ಥನಾದವನನ್ನು ಕೈಲಾಗದವನೆಂದು ಕರೆಯುತ್ತೇವೆ. ಈ ಕಡೆಯ ಮಾತು ಮಾತ್ರ ಕ್ರೂರವಾದುದು. ಕೈ ಸೋತವನೆಲ್ಲ ಕೈಲಾಗದವನೇ? ಕೈಯನ್ನು ಉಪಕರಣಕ್ಕೆ ಒಗ್ಗಿಸಲಾಗದಿದ್ದಲ್ಲಿ ಉಪಕರಣವನ್ನೇ ಕೈಗೆ ಒಗ್ಗಿಸಬಾರದೇ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಒಂದು ಉತ್ತರ ದೊರೆಯಿತು. ಹೊಸೂರು, ತಾಳವಾಡಿಗಳ ಕಡೆಯ ನಮ್ಮ ಜನಕ್ಕೆ ವೆಲ್ಲೂರು ದೊಡ್ಡಾಸ್ಪತ್ರೆಯ ಊರೆಂದು ಪರಿಚಿತವೇ. ಆದರೆ ಅಲ್ಲಿ ನಡೆದ ಈ ಕಾರ್ಯದ ಚರಿತ್ರೆಯನ್ನು ಬಲ್ಲವರು ವಿರಳ.

ಕುಡುಗೋಲು, ಬಾಚಿ, ಉಳಿ, ಸುತ್ತಿಗೆ ಮೊದಲಾದವುಗಳ ಹಿಡಿಗಳನ್ನು ಮಾಡುವವನು ತನ್ನ ಮನಸ್ಸಿನಲ್ಲಿ ಆರೋಗ್ಯವಂತನ ಕೈಯನ್ನೇ ಇಟ್ಟುಕೊಂಡಿರುತ್ತಾನೆ. ಮುಪ್ಪಿನಿಂದ ಬೆರಳ ಗೆಣ್ಣುಗಳು ಬಾತುಕೊಂಡ ರೈತನು ಕುಡುಗೋಲಿನ ಹಿಡಿಗೆ ಹಳೆಯ ಬಟ್ಟೆಯನ್ನು ಸುತ್ತಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಅವನು ಯಾವ ಶಾಸ್ತ್ರವನ್ನೂ ಓದಿದವನಲ್ಲ. ನೋವೇ ಅವನಿಗೆ ಗುರು. ಹಿಡಿ ದಪ್ಪವಾದಷ್ಟೂ ಬೆರಳನ್ನು ಮಡಿಸುವ ಕಷ್ಟ ಕಡಿಮೆಯೆಂದು ಆ ಗುರುವೇ ಅವನಿಗೆ ಕಲಿಸಿತು. ಆದರೆ ನೋವೆಂಬ ಗುರುವೇ ಇಲ್ಲದ ಕೈಗಳೂ ಲೋಕದಲ್ಲಿವೆ. ಕುಷ್ಠರೋಗದಿಂದ ನರ ಸತ್ತ ಕೈಗಳು ಅಂತಹವು.

ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು ೧೮೭೩ರಲ್ಲಿ ಕಂಡುಹಿಡಿದನು. ಆದರೂ ರೋಗಿಗಳ ಪಾಡು ಬದಲಾಗಲಿಲ್ಲ. ೧೮೯೮ರಲ್ಲಿ ಭಾರತದಲ್ಲಿ ಜಾರಿಗೆ ಬಂದ ಕಾನೂನು ನಿರ್ಗತಿಕರಾದ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶವಿತ್ತಿತು. ಅದು ರದ್ದಾದದ್ದು ೨೦೧೬ರಲ್ಲಿ. ಬಹುಕಾಲ ಚಾಲ್ಮೂಗ್ರ ಎಣ್ಣೆಯೊಂದೇ ಔಷಧವಾಗಿದ್ದಿತು. ೧೯೪೦ರ ದಶಕದಲ್ಲಿ ಸಲ್ಫೋನ್ ವರ್ಗದ ಔಷಧಗಳು ಬಂದು ರೋಗವನ್ನು ತಡೆಯುವುದು ಸಾಧ್ಯವಾಯಿತು. ಆದರೆ ರೋಗ ಹೋದರೂ ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ, ಸತ್ತ ನರಕ್ಕೆ ಜೀವ ಬರಲಿಲ್ಲ. ಬೆರಳುಗಳು ಗಾಯವಾಗಿ, ಕ್ಷಯಿಸಿ, ಮೋಟಾಗುವುದು ರೋಗದ ಸ್ವಭಾವವೇ, ಆ ಮಾಂಸವೇ ಕೆಟ್ಟದ್ದು ಎಂದು ವೈದ್ಯರೂ ನಂಬಿದ್ದರು.

ಈ ನಂಬಿಕೆಯನ್ನು ಪ್ರಶ್ನಿಸಿದ ಮಹನೀಯರು ಡಾಕ್ಟರ್ ಪಾಲ್ ಬ್ರ್ಯಾಂಡ್. ಇವರು ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಪಾದ್ರಿ ದಂಪತಿಗಳ ಮಗನಾಗಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟರು. ತಂದೆ ೧೯೨೯ರಲ್ಲಿ ಮಲೆಯ ಜ್ವರದಿಂದ ತೀರಿಕೊಂಡರು. ಬಾಲಕನಿಗೆ ವೈದ್ಯನಾಗುವ ಮನಸ್ಸಿರಲಿಲ್ಲ. ಶಾಲೆಯನ್ನು ಬಿಟ್ಟು ಕೆಲವು ವರ್ಷ ಮನೆ ಕಟ್ಟುವ ಕಸುಬನ್ನು ಕಲಿತರು. ಗಾರೆ, ಕಲ್ಲು, ಮರಗೆಲಸಗಳಲ್ಲಿ ಕೈ ಪಳಗಿತು. ಅನಂತರವೇ ಅವರು ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಶಸ್ತ್ರವೈದ್ಯರಾದರು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯ ಕಾಲೇಜಿಗೆ ಬಂದರು. ಬಡಗಿಯ ವಿದ್ಯೆ ವೈದ್ಯನಿಗೆ ಮುಂದೆ ಹೇಗೆ ಒದಗಿತೆಂಬುದೇ ಈ ಕಥೆಯ ಸಾರ.

ವೆಲ್ಲೂರಿಗೆ ಬಂದ ಸ್ವಲ್ಪ ಕಾಲದಲ್ಲಿಯೇ, ಕುಷ್ಠವೈದ್ಯದಲ್ಲಿ ಪ್ರಸಿದ್ಧರಾಗಿದ್ದ ಡಾಕ್ಟರ್ ರಾಬರ್ಟ್ ಕಾಕ್ರೇನ್ ಅವರ ಕರೆಯ ಮೇರೆಗೆ ಬ್ರ್ಯಾಂಡ್ ಚೆಂಗಲ್ಪಟ್ಟಿನ ಕುಷ್ಠಾಶ್ರಮಕ್ಕೆ ಹೋದರು. ಅಲ್ಲಿ ಒಬ್ಬ ತರುಣನ ಬೆರಳುಗಳು ಹದ್ದಿನ ಉಗುರುಗಳಂತೆ ಬಾಗಿದ್ದವು. ಬ್ರ್ಯಾಂಡ್ ತಮ್ಮ ಕೈಯನ್ನು ಅವನ ಕೈಯೊಳಗಿಟ್ಟು, ಬಲವಾಗಿ ಹಿಸುಕೆಂದರು. ನಿಶ್ಶಕ್ತವಾದ ಸ್ಪರ್ಶವನ್ನು ನಿರೀಕ್ಷಿಸಿದ್ದವರಿಗೆ ಇಕ್ಕುಳದ ಹಿಡಿತ ಸಿಕ್ಕಿತು. ನೋವಿನಿಂದ ಕೈ ಬಿಡಿಸಿಕೊಳ್ಳಬೇಕಾಯಿತು. ಆ ಕೈ ಸತ್ತಿರಲಿಲ್ಲ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಮಾತ್ರ ಸೋತಿದ್ದವು. ಬೆರಳನ್ನು ಮಡಿಸುವ ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು. ಮುಂದೆ ಶವಪರೀಕ್ಷೆಯಿಂದ ಕಾರಣವೂ ತಿಳಿಯಿತು. ಮೊಣಕೈ, ಮಣಿಕಟ್ಟು, ಮೊಣಕಾಲುಗಳ ಬಳಿ, ಚರ್ಮಕ್ಕೆ ಹತ್ತಿರವಾಗಿ ತಂಪಾಗಿರುವ ಕಡೆಗಳಲ್ಲಿಯೇ ರೋಗವು ನರವನ್ನು ಬಾಧಿಸುತ್ತದೆ. ಅದಕ್ಕೂ ಮೇಲೆಯೇ ನರ ಪಡೆಯುವ ಸ್ನಾಯುಗಳು ಉಳಿದುಕೊಳ್ಳುತ್ತವೆ.

ಉಳಿದ ಸ್ನಾಯುವಿನ ರಜ್ಜುವನ್ನು ಬೇರೊಂದು ದಾರಿಯಲ್ಲಿ ಎಳೆದು ಹೊಲಿದು, ಸೋತ ಸ್ನಾಯುವಿನ ಕೆಲಸವನ್ನು ಅದರಿಂದ ಮಾಡಿಸಬಹುದಲ್ಲವೇ? ಪೋಲಿಯೋ ರೋಗಿಗಳಲ್ಲಿ ನಡೆಯುತ್ತಿದ್ದ ಈ ಶಸ್ತ್ರಕ್ರಿಯೆಯನ್ನು ಬ್ರ್ಯಾಂಡ್ ಕುಷ್ಠರೋಗಿಯ ಕೈಗಳಲ್ಲಿ ನಡೆಸಿದರು. ಗಾಯ ಮಾಯಿತು, ಬೆರಳು ನೆಟ್ಟಗಾಯಿತು. ಎಲ್ಲರೂ ಸಂತೋಷಪಟ್ಟರು. ಆದರೆ ಮೊದಮೊದಲ ರೋಗಿಗಳಲ್ಲಿ ಒಬ್ಬನು ಕೆಲವು ಕಾಲದ ಮೇಲೆ ಹಿಂದಿರುಗಿ ಬಂದು ವಿಚಿತ್ರವಾದ ದೂರೊಂದನ್ನು ಹೇಳಿದನು. ಈ ಕೈ ಭಿಕ್ಷೆಗೆ ಬಾರದು; ಸೊಟ್ಟ ಕೈಗೆ ಕಾಸು ಹಾಕುತ್ತಿದ್ದವರು ನೆಟ್ಟಗಿನ ಕೈಗೆ ಹಾಕುವುದಿಲ್ಲ; ರೋಗದ ಗುರುತು ಮೈಮೇಲಿರುವುದರಿಂದ ಕೆಲಸವನ್ನೂ ಯಾರೂ ಕೊಡರು. ಶಸ್ತ್ರವೈದ್ಯನು ಕೊಟ್ಟದ್ದು ಕೈ. ಸಮಾಜವು ಕೊಡದೆ ಹೋದದ್ದು ಕಾಯಕ. ಕಾಯಕವಿಲ್ಲದ ಕೈ ಪೂರ್ಣವಾದ ಕೈಯಲ್ಲವೆಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದುದರಿಂದ ೧೯೫೧ರಲ್ಲಿ ವೆಲ್ಲೂರಿನ ಕಾಲೇಜಿನ ಆವರಣದಲ್ಲಿ ಮಣ್ಣಿನ ಗೋಡೆಯ ಕೆಲವು ಗುಡಿಸಲುಗಳೆದ್ದವು. ಅದಕ್ಕೆ ನವಜೀವನದ ನಿಲಯವೆಂದು ಹೆಸರಿಟ್ಟರು. ಶಸ್ತ್ರಚಿಕಿತ್ಸೆಯಾದ ಹುಡುಗರು ಅಲ್ಲಿ ವಾಸಿಸಿ ಮರಗೆಲಸ ಕಲಿತು, ಆಟಿಕೆಗಳನ್ನು ಮಾಡಿದರು. ಕಲಿಸಿದವರಲ್ಲಿ ಬ್ರ್ಯಾಂಡರೂ ಒಬ್ಬರು. ಹಿಂದೆ ಕಲಿತ ಕಸುಬು ಈಗ ಕೈಗೆ ಬಂದಿತು. ಆದರೆ ಬೇಗನೆ ಹೊಸ ಸಮಸ್ಯೆ ತಲೆದೋರಿತು. ಬಹು ಶ್ರಮದಿಂದ ಸರಿಪಡಿಸಿದ ಕೈಗಳಲ್ಲಿ ದಿನವೂ ಹುಣ್ಣುಗಳು ಕಾಣಿಸತೊಡಗಿದವು. ಇದು ರೋಗದ ಮರುಕಳಿಕೆಯೇ, ಕೆಲಸದ ಫಲವೇ?

ಒಂದು ದಿನ ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲು ಬ್ರ್ಯಾಂಡರಿಂದಾಗಲಿಲ್ಲ. ಸುಮಾರು ಹತ್ತು ವರ್ಷದ ಬಾಲಕನೊಬ್ಬನು ಮುಂದೆ ಬಂದು ಕೀಲಿಕೈಯನ್ನು ಸಲೀಸಾಗಿ ತಿರುವಿಬಿಟ್ಟನು. ಇಷ್ಟು ಎಳೆಯ ಕೈಗೆ ಅಷ್ಟು ಬಲವೆಲ್ಲಿಯದು? ಅಷ್ಟರಲ್ಲಿ ನೆಲದ ಮೇಲೆ ರಕ್ತದ ಹನಿ ಬಿದ್ದಿತು. ನೋಡಿದರೆ ಬೆರಳು ಮೂಳೆಯವರೆಗೆ ಕೊಯ್ದುಹೋಗಿದ್ದಿತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಬ್ರ್ಯಾಂಡರಿಗೆ ಗುಟ್ಟು ಹೊಳೆಯಿತು. ಹುಡುಗನ ಕೈ ಹೆಚ್ಚು ಬಲವುಳ್ಳದ್ದಲ್ಲ. ಸಾಕು ನಿಲ್ಲಿಸು ಎಂದು ಹೇಳುವ ನೋವು ಆ ಕೈಯಲ್ಲಿರಲಿಲ್ಲ. ಅಂದಿನಿಂದ ಪ್ರತಿಯೊಂದು ಗಾಯದ ಮೂಲವನ್ನು ಹುಡುಕುವುದು ನಿಲಯದ ನಿತ್ಯವಿಧಿಯಾಯಿತು. ಸುತ್ತಿಗೆಯ ಹಿಡಿಯ ಸಿಬಿರು, ಬಿಸಿಯಾದ ಲಾಟೀನು, ಒಲೆಯ ಮೇಲಿನ ಪಾತ್ರೆ, ಹೀಗೆ ಒಂದೊಂದೂ ಸಿಕ್ಕಿಬಿದ್ದಿತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೆರಳಿನ ತುದಿ ಮಾಯವಾಗುತ್ತಿದ್ದುದಕ್ಕೂ ಕಾರಣ ತಿಳಿಯಿತು: ಮಲಗಿದವರ ಬೆರಳನ್ನು ಇಲಿಗಳು ಕಡಿಯುತ್ತಿದ್ದವು! ಅದಕ್ಕೆ ಕಂಡುಕೊಂಡ ಔಷಧ ಬೆಕ್ಕು ಸಾಕುವುದು.

ಇನ್ನು ಉಪಕರಣದ ವಿಚಾರ. ಇದರಲ್ಲಿರುವ ಭೌತಶಾಸ್ತ್ರವನ್ನು ವಿದ್ಯಾರ್ಥಿ ಮಿತ್ರರು ತಾವೇ ಪರೀಕ್ಷಿಸಬಹುದು. ೧೦ ಕಿಲೋಗ್ರಾಂ ತೂಕದ ನೀರಿನ ಬಕೆಟ್ಟನ್ನು ೪ ಮಿಲಿಮೀಟರ್ ದಪ್ಪದ ತಂತಿಯ ಹಿಡಿಯಿಂದ ಎತ್ತಿದರೆ, ೮ ಸೆಂಟಿಮೀಟರ್ ಅಗಲದ ಅಂಗೈಯಲ್ಲಿ ಭಾರವೆಲ್ಲ ಸುಮಾರು ೩ ಚದರ ಸೆಂಟಿಮೀಟರ್ ಜಾಗದ ಮೇಲೆಯೇ ಬೀಳುವುದು. ಅಂದರೆ ಚದರ ಸೆಂಟಿಮೀಟರೊಂದಕ್ಕೆ ೩ ಕಿಲೋಗ್ರಾಮಿಗೂ ಮಿಗಿಲು. ಅದೇ ತಂತಿಗೆ ಮರದ ದುಂಡನೆಯ ಹಿಡಿಯನ್ನು ತೊಡಿಸಿ, ಕೈಗೆ ತಗಲುವ ಅಗಲವನ್ನು ಎರಡೂವರೆ ಸೆಂಟಿಮೀಟರಿಗೆ ಏರಿಸಿದರೆ ಒತ್ತಡವು ಅರ್ಧ ಕಿಲೋಗ್ರಾಮಿಗೆ ಇಳಿಯುವುದು. ಭಾರ ಅಷ್ಟೇ, ಹಂಚಿಕೆ ಬೇರೆ. ಬಾಗಿದ ಬೆರಳು ವಸ್ತುವನ್ನು ತುದಿಗಳಿಂದ ಮಾತ್ರ ಹಿಡಿಯುವುದರಿಂದ ಅದರ ಮೇಲಿನ ಒತ್ತಡ ಇನ್ನೂ ಹೆಚ್ಚು. ಕೀಲಿಕೈಯ ಲೆಕ್ಕವೂ ಹೀಗೆಯೇ. ನಡುವಿನಿಂದ ೧ ಸೆಂಟಿಮೀಟರ್ ದೂರದಲ್ಲಿ ಹಿಡಿದು ತಿರುವುವುದರ ಬದಲು, ಕೀಲಿಕೈಗೆ ಅಡ್ಡಪಟ್ಟಿಯನ್ನು ಸೇರಿಸಿ ೫ ಸೆಂಟಿಮೀಟರ್ ದೂರದಲ್ಲಿ ತಿರುವಿದರೆ ಐದನೆಯ ಒಂದು ಪಾಲು ಬಲವೇ ಸಾಕು.

ದಪ್ಪವಾದ, ನುಣುಪಾದ, ಅಂಚಿಲ್ಲದ, ಸಿಬಿರಿಲ್ಲದ ಹಿಡಿ. ಬಿಸಿ ಪಾತ್ರೆಗೆ ಮರದ ಹಿಡಿಕೆ. ಕೀಲಿಕೈಗೆ ಅಗಲವಾದ ಪಟ್ಟಿ. ಎಲ್ಲಕ್ಕೂ ಮಿಗಿಲಾಗಿ ಸಂಜೆ ಸಂಜೆ ತನ್ನ ಕೈಯನ್ನು ತಾನೇ ಕಣ್ಣಿಂದ ಪರೀಕ್ಷಿಸುವ ಅಭ್ಯಾಸ. ಚರ್ಮ ಹೇಳದುದನ್ನು ಕಣ್ಣು ಹೇಳಬೇಕು. ಈ ಎಚ್ಚರ ನೆಲೆಗೊಂಡಂತೆ ಗಾಯಗಳು ಕಡಿಮೆಯಾದವು. ಕುಷ್ಠರೋಗಿಯ ಮಾಂಸವು ಕೆಟ್ಟದ್ದಲ್ಲ, ಕಾಪಾಡಿದರೆ ಎಲ್ಲರ ಮಾಂಸದಂತೆಯೇ ಮಾಯುವುದು ಎಂಬುದು ಸಿದ್ಧವಾಯಿತು. ಸಂಧಿವಾತದವನಿಗೆ ನೋವು ಹೆಚ್ಚು, ಕುಷ್ಠರೋಗಿಗೆ ನೋವೇ ಇಲ್ಲ. ಆದರೂ ಇಬ್ಬರಿಗೂ ಬೇಕಾದ ಹಿಡಿ ಒಂದೇ ಬಗೆಯದು ಎಂಬುದು ಚಿಂತನಾರ್ಹ.

ಈ ಕಾರ್ಯ ಬೆಳೆಯಿತು. ೧೯೫೫ರಲ್ಲಿ ವೆಲ್ಲೂರಿನ ಸಮೀಪದ ಕರಿಗಿರಿಯಲ್ಲಿ ಕುಷ್ಠರೋಗ ಸಂಶೋಧನೆಗಾಗಿಯೇ ಆಸ್ಪತ್ರೆ ಪ್ರಾರಂಭವಾಯಿತು. ೧೯೫೪ರಲ್ಲಿ ಮೋಟಾರು ಅಪಘಾತದಿಂದ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಡಾಕ್ಟರ್ ಮೇರಿ ವರ್ಗೀಸ್ ಎಂಬ ಮಹಿಳೆ ಬ್ರ್ಯಾಂಡರಿಂದ ಕೈಯ ಶಸ್ತ್ರಕ್ರಿಯೆಯನ್ನು ಕಲಿತು, ಗಾಲಿಕುರ್ಚಿಯಲ್ಲಿ ಕುಳಿತೇ ರೋಗಿಗಳ ಕೈಗಳನ್ನು ನೆಟ್ಟಗೆ ಮಾಡಿದರು. ಕೈ ಸರಿಪಡಿಸುವವರಿಗೆ ಕಾಲಿಲ್ಲ, ಕೈ ನೀಡುವವನಿಗೆ ಸ್ಪರ್ಶವಿಲ್ಲ, ಕೆಲಸವೇನೋ ನಡೆಯಿತು. ೧೯೬೬ರಲ್ಲಿ ವೆಲ್ಲೂರಿನಲ್ಲಿ ಅಂಗವಿಕಲರ ಪುನರ್ವಸತಿ ಸಂಸ್ಥೆಯು ಅವರ ನೇತೃತ್ವದಲ್ಲಿ ತೆರೆಯಿತು. ಅದೇ ವರ್ಷ ಬ್ರ್ಯಾಂಡ್ ಅಮೆರಿಕದ ಲೂಯಿಸಿಯಾನದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಒತ್ತಡ ಹೆಚ್ಚಿದೊಡನೆ ಎಚ್ಚರಿಸುವ ವಿದ್ಯುತ್ ಯಂತ್ರವನ್ನು ಕೈಗೆ ಕಟ್ಟಿ ಕೃತಕ ನೋವನ್ನು ಸೃಷ್ಟಿಸಲು ಅಲ್ಲಿ ಯತ್ನಿಸಿದರು. ಆದರೆ ಕೆಲಸಕ್ಕೆ ಅಡ್ಡಿಯಾದಾಗ ರೋಗಿಗಳು ಯಂತ್ರವನ್ನೇ ನಿಲ್ಲಿಸಿಬಿಡುತ್ತಿದ್ದರು. ಮರದ ಹಿಡಿ ಸಾಧಿಸಿದ್ದನ್ನು ಆ ಯಂತ್ರ ಸಾಧಿಸಲಿಲ್ಲ. ಬ್ರ್ಯಾಂಡ್ ೨೦೦೩ರಲ್ಲಿ ನಿಧನರಾದರು.

೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ರೋಗವು ಬಹುಮಟ್ಟಿಗೆ ಇಳಿಯಿತು. ೨೦೦೫ರ ಕೊನೆಗೆ ಭಾರತದಲ್ಲಿ ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆಯೆಂಬ ಮಟ್ಟ ಮುಟ್ಟಿತು. ಆದರೆ ಔಷಧವು ಸೂಕ್ಷ್ಮಾಣುವನ್ನು ಕೊಲ್ಲಬಲ್ಲದೇ ಹೊರತು ಸತ್ತ ನರವನ್ನು ಎಬ್ಬಿಸಲಾರದು. ಗುಣವಾದವನು ಗುಣವಾದ ಮೇಲೆಯೂ ಅದೇ ಕೈಯಿಂದಲೇ ಬಾಳಬೇಕು.

ಈ ಚರಿತ್ರೆಯಿಂದ ನಮಗೇನು ಎಂದು ಕೇಳಬಹುದು. ನಮ್ಮ ತರಗತಿಗಳಲ್ಲಿಯೂ ಲೇಖನಿ ಹಿಡಿಯಲು ತಡವರಿಸುವ ಮಕ್ಕಳಿದ್ದಾರೆ. ಅಕ್ಷರ ಸೊಟ್ಟಗಾಯಿತೆಂದು ಅವರನ್ನು ದಂಡಿಸುವ ಮುನ್ನ, ಲೇಖನಿಗೆ ನಾಲ್ಕು ಸುತ್ತು ಬಟ್ಟೆ ಸುತ್ತಿಕೊಟ್ಟು ನೋಡಬಾರದೇ? ಖರ್ಚು ಏನೂ ಇಲ್ಲ. ಹಿಡಿ ಎಂಬ ನಮ್ಮ ಮಾತಿಗೆ ಉಪಕರಣದ ಹಿಡಿಯೆಂಬ ಅರ್ಥವೂ ಉಂಟು, ಮತ್ತೊಬ್ಬರ ಕೈಯನ್ನು ಹಿಡಿ ಎಂಬ ಅರ್ಥವೂ ಉಂಟು. ವೆಲ್ಲೂರಿನ ಆ ಮಣ್ಣಿನ ಗುಡಿಸಲುಗಳಲ್ಲಿ ಈ ಎರಡೂ ಒಂದೇ ಕೆಲಸವಾಗಿದ್ದವು.